ಓಣಿದು

ಕಳೆದ ವಾರ ಅಂಗಡಿಯ ಅಟ್ಟ ಸ್ವಚ್ಛ ಮಾಡುವಾಗ ಹಳೇ ಪ್ರಿಂಟರಿನ ಹಿಂದಿನಿಂದ ರಟ್ಟಿನ ಪಟ್ಟಿಗಳ ಕಟ್ಟೊಂದು ಜಾರಿ ಬಿತ್ತು. ಮಗ್ಗದ ಮೇಲೆ ಏರಿಸುವ, ಸಾಲುಸಾಲು ತೂತು ಹೊಡೆದ ಪಟ್ಟಿಗಳು. ಸೀರೆಯ ದಡಿಯಲ್ಲಿ ಯಾವ ಎಳೆ ಏಳಬೇಕು, ಯಾವುದು ಕೂಡಬೇಕು ಎಂದು ಮಗ್ಗಕ್ಕೆ ಹೇಳುವುದು ಆ ತೂತುಗಳೇ. ಮೂಗಿಗೆ ಹಿಡಿದೆ. ಮಗ್ಗದ ಎಣ್ಣೆ, ಹತ್ತಿಯ ಧೂಳು, ಅದರೊಳಗೇ ಎಲ್ಲೋ ಕಾಕಾನ ನಶ್ಯದ ವಾಸನೆ... ಕೆಲಸ ಬಿಟ್ಟು ಏಣಿಯ ಮೇಲೆ ಕುಳಿತುಬಿಟ್ಟೆ.

ಕಾಕಾ ಎಂದರೆ ರಕ್ತಸಂಬಂಧಿಯಲ್ಲ. ಬೆಟಗೇರಿಯ ನೇಕಾರ ಓಣಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಮಗ್ಗದ ಮನೆಯಲ್ಲಿ ಹುಟ್ಟಿ, ಐಟಿಐಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾಗಿದ್ದರು. ಸುಮ್ಮನೆ ಕೂಡುವ ಜೀವವಲ್ಲ. ಹಟ ಹಿಡಿದು ಕಲಿತು ಒಂದು ಪ್ರೋಗ್ರಾಮ್ ಬರೆದರು. ಕಂಪ್ಯೂಟರಿನಲ್ಲಿ ದಡಿಯ ಚಿತ್ರ ಬಿಡಿಸಿದರೆ ಸಾಕು, ಪಟ್ಟಿಯಲ್ಲಿ ಎಲ್ಲೆಲ್ಲಿ ತೂತು ಹೊಡೆಯಬೇಕೆಂದು ಅಚ್ಚಾಗಿ ಬರುತ್ತಿತ್ತು. ವಾರಗಟ್ಟಲೆ ಕಣ್ಣು ಕಳೆದುಕೊಂಡು ಮಾಡುತ್ತಿದ್ದ ಕೆಲಸ ಒಂದು ಮಧ್ಯಾಹ್ನಕ್ಕೆ ಬಂತು. ಲಕ್ಷ್ಮೇಶ್ವರದ ಕಾಲೇಜು ಮಾಸ್ತರರೊಬ್ಬರು ಅದರ ತಪ್ಪು ತಿದ್ದಿದರು, ಮುಂಡರಗಿಯ ಮೊಬೈಲ್ ರಿಪೇರಿಯವರೊಬ್ಬರು ಅದನ್ನು ಫೋನಿಗೆ ಹೊಂದಿಸಿದರು. ನನ್ನದು ಝೆರಾಕ್ಸ್, ಡಿಟಿಪಿ ಅಂಗಡಿ. ಪರದೆಯ ಮೇಲಿನ ಕನ್ನಡವನ್ನೆಲ್ಲ ನಾನು ಬರೆದೆ, ದಡಿಗಳ ಮಾದರಿಗಳನ್ನೂ ನಾನೇ ಜೋಡಿಸಿದೆ.

ಇಂಟರ್ನೆಟ್ಟಿಗೆ ಹಾಕುವ ದಿನ, ಇದು ಯಾರದು, ಯಾರು ಹೇಗೆ ಬಳಸಬಹುದು ಎಂದು ಬರೆಯುವ ಲೈಸೆನ್ಸಿನ ಜಾಗ ಖಾಲಿ ಇತ್ತು. ಏನು ಬರೆಯಲಿ, ಯಾರ ಹೆಸರು ಹಾಕಲಿ ಎಂದು ಕೇಳಿದೆ.

"ಹೆಸರ್ಯಾಕ ಬೇಕು ತಂಗಿ? ಬರಿ. ಇದು ಓಣಿದು. ಒಯ್ಯಿರಿ, ಚಲೋ ಮಾಡಿ ಹೊಳ್ಳಿ ತಂದಿಡ್ರಿ."

ನಮ್ಮಲ್ಲಿ ಏಣಿ ಓಣಿದು, ಮದುವೆಯ ಹಂಡೆ ಓಣಿದು. ಯಾರೂ ಕೇಳಿ ಒಯ್ಯುವುದಿಲ್ಲ. ಒಯ್ದವರ ಕೈಯಲ್ಲಿ ಏಣಿಯ ಮೆಟ್ಟಿಲು ಮುರಿದರೆ ಹೊಸದು ಬಡಿದು ಗುಡಿಯ ಗೋಡೆಗೆ ಒರಗಿಸಿ ಹೋಗಬೇಕು, ಅಷ್ಟೇ. ದಡಿಯ ಪಟ್ಟಿಗಳ ಕಟ್ಟೂ ಹಾಗೆಯೇ ಮನೆಯಿಂದ ಮನೆಗೆ ತಿರುಗುತ್ತಿತ್ತು. ಅದರ ಬೆನ್ನ ಮೇಲೆ ಹೆಸರು ಬರೆದುಕೊಂಡವನನ್ನು ಓಣಿ ವರ್ಷವಿಡೀ ಆಡಿಕೊಳ್ಳುತ್ತಿತ್ತು. ಹೀಗಾಗಿ ಕಾಕಾ ಹೇಳಿದ್ದನ್ನೇ ಬರೆದೆ. "ಕೊಟ್ಟಾಂವ ಕೋಡಂಗಿ, ಇಸ್ಕೊಂಡಾಂವ ಈರಭದ್ರ" ಎಂದು ನನ್ನವ್ವ ಒಳಗಿನಿಂದ ಗೊಣಗಿದಳು. ಇಬ್ಬರೂ ನಕ್ಕೆವು.

ಇಂಥ ಕೆಲಸಕ್ಕೆ ನೆರವು ಕೊಡುವ ಸಂಸ್ಥೆಯೊಂದು ಕಾಕಾಗೆ ಕಾಗದ ಬರೆದಿತ್ತು. ನೋಂದಣಿಯಾದ ಸಂಘ ಬೇಕು, ಸಂಘದ ಹೆಸರಿನಲ್ಲಿ ಬ್ಯಾಂಕ್ ಖಾತೆ ಬೇಕು ಎಂಬ ಷರತ್ತು. "ಓಣಿನ್ನ ಎಲ್ಲಿ ರಜಿಸ್ಟರ್ ಮಾಡಸ್ಲಿ?" ಎಂದು ಕಾಕಾ ಆ ಕಾಗದ ಮಡಚಿಟ್ಟರು. ಮುಂದೂ ಎಲ್ಲ ಖರ್ಚು ಅವರ ಪಿಂಚಣಿಯಿಂದಲೇ ನಡೆಯಿತು.

ಆಮೇಲೆ ಕಂಪನಿಯವನು ಬಂದ. ಮಗ್ಗದ ಸಾಫ್ಟ್‌ವೇರ್ ಮಾರುವ ದೂರದ ಊರಿನ ಕಂಪನಿ. ಕಾಕಾ ಸಿಂಗಟಾಲೂರಿಗೆ ಮಗಳ ಮನೆಗೆ ಹೋಗಿದ್ದರು. ನಾನು ಎರಡು ದಿನ ಚಹಾ ಕೊಟ್ಟು, ಪ್ರೋಗ್ರಾಮನ್ನು ಬಿಡಿಸಿ ಬಿಡಿಸಿ ತೋರಿಸಿದೆ. ಜಂಬ, ಮತ್ತೇನು! ಇದು ಯಾರದು ಎಂದು ಕೇಳಿದ. ಓಣಿದು ಎಂದೆ. ಹೋಗುವಾಗ ನನಗೆ ಅವರ ಡೀಲರ್‌ಶಿಪ್ ಕೊಡುವುದಾಗಿ ಹೇಳಿ ಇಂಗ್ಲಿಷಿನ ನಾಲ್ಕು ಹಾಳೆ ಮುಂದಿಟ್ಟ. ಅಂಗಡಿ ಆಗ ಕುಂಟುತ್ತಿತ್ತು. ಊರವರ ಅರ್ಜಿಗಳನ್ನೆಲ್ಲ ಓದಿ ಹೇಳುವ ನಾನು ನನ್ನ ಕಾಗದ ಓದದೆ ಸಹಿ ಹಾಕಿದೆ. ಕಾಕಾಗೆ ಹೇಳಬೇಕೆಂದುಕೊಂಡೆ... ನಾಳೆ ನಾಳೆ ಎನ್ನುತ್ತ ಉಳಿಯಿತು.

ಮುಂದಿನ ವರ್ಷ ನೋಟಿಸು ಬಂತು, ಕಾಕಾಗೂ ಓಣಿಯ ನೇಕಾರರಿಗೂ. ಚಿತ್ರದಿಂದ ತೂತು ತೆಗೆಯುವ ಈ ವಿಧಾನಕ್ಕೆ ಕಂಪನಿ ಪೇಟೆಂಟ್ ಕೇಳಿದೆ, ಪ್ರೋಗ್ರಾಮಿನಲ್ಲೂ ಅದರ ಹಕ್ಕಿದೆ, ಬಳಸುವುದನ್ನು ಕೂಡಲೇ ನಿಲ್ಲಿಸಬೇಕು. ಗದಗದ ವಕೀಲರು ನೋಟಿಸು ಓದಿ, ನಾವು ಬರೆದ ಲೈಸೆನ್ಸಿನ ಸಾಲನ್ನೂ ಓದಿದರು.

"ಯಾವ ಓಣಿ ಸರ? ಓಣಿಗೆ ಸಹಿ ಮಾಡಾಕ ಬರತೈತೇನ್ರಿ?"

ನಗಲಿಕ್ಕೆ ಹೇಳಿದ್ದಲ್ಲ. ಕೆಲಸ ಮಾಡಿದ ಪ್ರತಿಯೊಬ್ಬರೂ "ಇಷ್ಟು ನಾನು ಮಾಡಿದ್ದು, ಇದನ್ನು ಎಲ್ಲರಿಗೂ ಬಿಟ್ಟಿದ್ದೇನೆ" ಎಂದು ಬರೆದುಕೊಟ್ಟರೆ ಹೋರಾಡಬಹುದು ಎಂದರು. ಕಾಕಾನೂ ನಾನೂ ಬಸ್ಸು ಹತ್ತಿದೆವು. ಲಕ್ಷ್ಮೇಶ್ವರದವರು ಕೂಡಲೇ ಸಹಿ ಹಾಕಿದರು. ಮುಂಡರಗಿಯವರು ಸ್ಟಾಂಪ್ ಪೇಪರ್ ನೋಡಿ ಬೆವತರು. "ಹೊಲಾ-ಗಿಲಾ ಏನೂ ಹೋಗೂದಿಲ್ಲಲ್ಲರಿ ಕಾಕಾರ?" ಎಂದು ಮೂರು ಸಲ ಕೇಳಿ ಹಾಕಿದರು. ಹಳೇ ದಡಿಗಳ ಮಾದರಿ ಕೊಟ್ಟಿದ್ದ, ಈಗ ಶಿರಹಟ್ಟಿಗೆ ಹೋಗಿ ನೆಲೆಸಿದ್ದ ಮುದುಕ ನೇಕಾರರೊಬ್ಬರು ಹೆಬ್ಬೆಟ್ಟು ಒತ್ತಿದರು. ಬರುವಾಗ ಬಸ್ಸಿನಲ್ಲಿ ಕಾಕಾ ಆ ಕಾಗದಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಸವರುತ್ತಿದ್ದರು. ನನಗೆ ಕಂಪನಿಯವನ ನಾಲ್ಕು ಹಾಳೆ ನೆನಪಾದವು. ಅವುಗಳಲ್ಲಿ ಏನಿತ್ತೆಂದು ನನಗೆ ಆಗಲೇ ಗೊತ್ತಿತ್ತೇ? ಅರ್ಧ ಗೊತ್ತಿತ್ತು.

ಉಳಿದದ್ದು ನನ್ನ ಸಹಿ. ವಕೀಲರ ಮುಂದೆ ನನ್ನ ನಾಲ್ಕು ಹಾಳೆ ತೆಗೆದಿಟ್ಟೆ. ಅವರು ಮೂರನೆಯ ಹಾಳೆಯಲ್ಲಿ ಬೆರಳಿಟ್ಟು ನಿಂತರು. ಈ ಪ್ರೋಗ್ರಾಮಿಗಾಗಿ ನಾನು ಹಿಂದೆ ಮಾಡಿದ್ದು, ಮುಂದೆ ಮಾಡುವುದು, ಎಲ್ಲವೂ ಕಂಪನಿಗೆ ಸೇರಿದ್ದು.

"ಇವರ ಪಾಲು ಇವರು ಮಾರಿಬಿಟ್ಟಾರ ಸರ. ಅವರ ನೋಟಿಸಿಗೆ ಬುಡಾನ ಈ ಸಹಿ."

ಕಾಕಾ ನನ್ನ ಕಡೆ ನೋಡಲಿಲ್ಲ. ಕಾಗದಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿದರು. ಹೊರಗೆ ಬಂದ ಮೇಲೆ, "ಆತು ಬಿಡವಾ. ನಿನ್ನ ಅಂಗಡಿನೂ ನಡೀಬೇಕಲ್ಲ" ಎಂದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ನೇಕಾರರು ಕೋರ್ಟು ಅಲೆಯುವಂತಾಗಬಾರದೆಂದು ಕಾಕಾ ಮನೆಮನೆಗೆ ಹೋಗಿ ಪ್ರೋಗ್ರಾಮನ್ನು ತಮ್ಮ ಕೈಯಿಂದಲೇ ಅಳಿಸಿದರು. ಇಂಟರ್ನೆಟ್ಟಿನಿಂದಲೂ ತೆಗೆದರು. ನಾನು ಅಂಗಡಿಯ ಬಾಗಿಲು ಅರ್ಧ ಮುಚ್ಚಿಕೊಂಡು ನೋಡುತ್ತಿದ್ದೆ. ಆಮೇಲೆ ಅವರು ಬಹಳ ದಿನ ಬಾಳಲಿಲ್ಲ. ಅವರ ಮಣ್ಣಿಗೆ ಹೋದ ದಿನ ಹೆಂಗಸರ ನಡುವೆ ಹಿಂದೆ ನಿಂತು ಅತ್ತೆ. ಮುಂದೆ ಹೋಗುವ ಮುಖ ನನಗಿರಲಿಲ್ಲ.

ಈಗ ನನ್ನ ಅಂಗಡಿಯ ಮೇಲೆ ಕಂಪನಿಯ ಬೋರ್ಡಿದೆ. ಓಣಿಯಲ್ಲಿ ಉಳಿದ ಕೆಲವೇ ಮಗ್ಗದವರು ವರ್ಷಕ್ಕೊಮ್ಮೆ ಬಂದು ಕಂಪನಿಯ ಲೈಸೆನ್ಸ್ ನವೀಕರಿಸಿಕೊಂಡು ಹೋಗುತ್ತಾರೆ. ಅಟ್ಟದಿಂದ ಇಳಿದು ಪಟ್ಟಿಗಳನ್ನು ಒರೆಸುತ್ತಿದ್ದಾಗ ಲೈಸೆನ್ಸ್ ನವೀಕರಿಸಲೆಂದೇ ಹಿಂಬದಿಯ ಮನೆಯ ಹೊಸ ಸೊಸೆ ಬಂದಳು. ಕಟ್ಟನ್ನು ಎತ್ತಿಕೊಂಡು ಕೇಳಿದಳು.

"ಇದು ಯಾರದ್ರೀ ಅಕ್ಕಾ?"

ಮಾತು ಬಾಯಿಯ ತನಕ ಬಂತು. ಅದನ್ನು ನುಂಗಿ ರಸೀದಿ ಪುಸ್ತಕ ತೆರೆದೆ. ಅವಳು ಪಟ್ಟಿಯ ಬೆನ್ನು ತಿರುವಿ ಹುಡುಕಿದಳು.

"ಹೆಸರ ಇಲ್ಲಲ್ಲ. ನಿಮ್ಮ ಅಂಗಡ್ಯಾಗ ಐತಿ ಅಂದ್ಮ್ಯಾಲೆ ನಿಮ್ಮದ ಇರಬೇಕು ಬಿಡ್ರಿ" ಎಂದು ನನ್ನ ಕೈಗಿಟ್ಟಳು.