ಎಂಟು ಕಾಯಿಯ ಸಾರು

ನಮ್ಮತ್ತೆ ವೆಂಕಟಲಕ್ಷ್ಮಮ್ಮನವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಇದು ಹೊಗಳಿಕೆಯ ಮಾತಲ್ಲ, ಜೊತೆಯಲ್ಲಿ ಬಾಳಿದವರಿಗೆ ಅದೊಂದು ಕಾಟವೇ ಆಗಿತ್ತು. ನನ್ನನ್ನು ನೋಡಲು ನನ್ನ ತವರು ಉಯ್ಯಂಬಳ್ಳಿಗೆ ಬಂದಿದ್ದಾಗ ನಮ್ಮ ಚಿಕ್ಕಪ್ಪ ಹಲ್ಲು ಗಿಂಜುತ್ತಾ, "ಹೆಂಗೆ, ಒಪ್ಪಿಗೇನಾ?" ಎಂದು ಕೇಳಿದರೆ, "ಹುಡುಗಿ ಒಪ್ಪಿಗೆ. ಉಪ್ಪಿಟ್ಟು ಮಾತ್ರ ಗಂಟುಗಂಟಾಗೈತೆ" ಎಂದಿದ್ದರು. ಅಂಥ ಹೆಂಗಸು ಸತ್ತು ವರ್ಷ ಕಳೆದ ಮೇಲೂ ನಮ್ಮ ರಸ್ತೆಯ ಜನ ಅವರನ್ನು ನೆನೆಯುವುದು ಒಂದು ಸುಳ್ಳಿಗಾಗಿ. ಆ ಸುಳ್ಳು ಅವರದಲ್ಲ, ನನ್ನದು. ಈಗಲಾದರೂ ಅದನ್ನು ಬರೆದಿಡಬೇಕು.

ಮೈಸೂರು ರಸ್ತೆ ಅಗಲವಾಗುವ ಮೊದಲು ನಮ್ಮದು ಬರೀ ಬೇಸಾಯದ ಮನೆ. ಚನ್ನಪಟ್ಟಣ ದಾಟಿ ರಾಮನಗರದ ಕಡೆಗೆ ಬರುವಾಗ ರಸ್ತೆಗೆ ಮುಖ ಮಾಡಿದ ಜಮೀನು, ಮುಂದಿನ ಸಾಲಿನಲ್ಲಿ ಇಪ್ಪತ್ತೆರಡು ತೆಂಗಿನ ಮರ. ಅಳತೆಯವರು ಬಂದು ಮರಗಳಿಗೆ ಬಿಳಿ ಬಣ್ಣ ಬಳಿದು ಹೋದರು, ಆಮೇಲೆ ಯಂತ್ರ ಬಂತು. ಅಷ್ಟು ಹೊತ್ತಿಗೆ ಬಿಡದಿ ಕಡೆ ಫ್ಯಾಕ್ಟರಿಗಳು ಎದ್ದಿದ್ದವು. ನನ್ನ ಗಂಡ ಲೋಕೇಶ್ ಅದರಲ್ಲೊಂದಕ್ಕೆ ಸೇರಿದರು. ಅತ್ತೆ ಸುಮ್ಮನೆ ಕೂರುವವರಲ್ಲ. "ರಸ್ತೆ ನಮ್ಮ ಮರ ತಿಂತು, ಇನ್ನು ರಸ್ತೇಲಿ ಹೋಗೋರು ನಮ್ಮ ಮುದ್ದೆ ತಿನ್ಲಿ" ಎಂದು ಉಳಿದ ಜಾಗಕ್ಕೆ ಶೀಟು ಹೊದಿಸಿ ಮೆಸ್ ತೆರೆದರು. ಕಂಪನಿ ಬಸ್ಸಿಗೆ ಕಾಯುವ ಹುಡುಗರು, ರಸ್ತೆ ಕೆಲಸದವರು, ಲಾರಿಯವರು, ಬೇಸಿಗೆಯಲ್ಲಿ ಮೈಸೂರು ನೋಡಿ ಬರುವ ಸಂಸಾರಗಳು, ಎಲ್ಲರೂ ಬರುತ್ತಿದ್ದರು.

ಮುದ್ದೆ ಕಟ್ಟುವುದು, ಜನರನ್ನು ವಿಚಾರಿಸುವುದು ಅತ್ತೆಯ ಪಾಲು. ಮಸಾಲೆ ರುಬ್ಬುವುದು, ಬಡಿಸುವುದು ನನ್ನ ಪಾಲು. ಒಂದು ಹಂಡೆ ಸಾರಿಗೆ ಎಂಟು ತೆಂಗಿನಕಾಯಿ ಎಂಬುದು ಅವರ ಕಟ್ಟಳೆ. ಯಾರು ಬಂದು ಕೂತರೂ ಎಲೆ ಹಾಸುವಾಗ "ಎಂಟು ಕಾಯಿ ಸಾರು" ಎಂದು ಒಂದು ಸಲ ಹೇಳದಿದ್ದರೆ ಅವರಿಗೆ ಸಮಾಧಾನವಿಲ್ಲ.

ಆದರೆ ಅದೇ ವರ್ಷಗಳಲ್ಲಿ ತೆಂಗಿಗೆ ನುಸಿ ರೋಗ ಬಿತ್ತು. ಕಾಯಿಯ ಮೈಯೆಲ್ಲ ಕಜ್ಜಿ, ಒಳಗೆ ತೆಳು ಹೋಳು. ಎಂಟಲ್ಲ, ಹನ್ನೆರಡು ತುರಿದರೂ ಸಾರು ಗಟ್ಟಿಯಾಗದು. ಬೆಳಗಿನ ಜಾವಕ್ಕೇ ತುರಿಮಣೆ ಮೇಲೆ ಕೂತು ನನ್ನ ಬಲಗೈ ಮರಗಟ್ಟುತ್ತಿತ್ತು. ನಮ್ಮ ಉಯ್ಯಂಬಳ್ಳಿ ಕಡೆ ಬೆದ್ದಲು ಜಮೀನು, ಮಳೆಗಾಲದಲ್ಲಿ ಕಡಲೆಕಾಯಿ ಹಾಕುತ್ತಾರೆ. ಸಾರಿಗೆ ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ ರುಬ್ಬಿ ಹಾಕುವುದು ಅಲ್ಲಿ ಎಲ್ಲರ ಮನೆಯಲ್ಲೂ ಇದೆ. ಅಪ್ಪ ವರ್ಷವೂ ಕಳಿಸುತ್ತಿದ್ದ ಮೂಟೆ ನನ್ನ ಕೋಣೆಯ ಮಂಚದ ಕೆಳಗಿತ್ತು. ಒಂದು ದಿನ ಅತ್ತೆ ಏಳುವ ಮೊದಲೇ ನಾಲ್ಕು ಕಾಯಿ ತುರಿದು, ಉಳಿದ ನಾಲ್ಕರ ಬದಲಿಗೆ ಎರಡು ಪಾವು ಬೀಜ ಹುರಿದು, ಸಿಪ್ಪೆ ತೂರಿ, ನುಣ್ಣಗೆ ರುಬ್ಬಿ ಸೇರಿಸಿದೆ. ಅವತ್ತು ಕಂಪನಿ ಹುಡುಗರು ಎರಡು ಸಲ ಸಾರು ಹಾಕಿಸಿಕೊಂಡರು. "ಅಮ್ಮ, ಇವತ್ತು ನಿಮ್ಮ ಕಾಯಿ ಮಾತಾಡ್ತೈತೆ" ಎಂದು ಒಬ್ಬ ಹೇಳಿದ್ದಕ್ಕೆ ಅತ್ತೆ ಹಿಗ್ಗಿ ಹೀರೇಕಾಯಿಯಾದರು.

ಅವರಿಗೆ ರುಚಿಯಲ್ಲಿ ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ಹೊಗೆಸೊಪ್ಪು, ಎಲೆಅಡಿಕೆ ಹಾಕಿ ಹಾಕಿ ಅವರ ನಾಲಿಗೆಗೆ ಉಪ್ಪು ಖಾರ ಬಿಟ್ಟರೆ ಬೇರೇನೂ ತಿಳಿಯುತ್ತಿರಲಿಲ್ಲ. ನಾನೂ ಹೇಳಲಿಲ್ಲ. ಕೈ ನೋವು ತಪ್ಪಿತ್ತು, ಸಾರಿಗೆ ಹೆಸರೂ ಬಂದಿತ್ತು. ಹೇಳಿ ಯಾಕೆ ಕೆಡಿಸಿಕೊಳ್ಳಬೇಕು ಎಂದುಕೊಂಡು ವರ್ಷಗಟ್ಟಲೆ ಹಾಗೇ ನಡೆಸಿದೆ.

ಎರಡು ಸಾವಿರದ ಮೂರನೆಯ ಇಸವಿಯ ಮೇ ತಿಂಗಳು. ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ಒಂದು ಮಾರುತಿ ವ್ಯಾನು ಬಂದು ನಿಂತಿತು. ಗದಗದ ಕಡೆಯವರು, ಗಂಡ ಹೆಂಡತಿ, ಆರು ವರ್ಷದ ಮಗ. ಮೈಸೂರು ನೋಡಿಕೊಂಡು ಬೆಂಗಳೂರಿಗೆ ಹೊರಟಿದ್ದರು. ಹುಡುಗನ ಕೈಯಲ್ಲಿ ಚನ್ನಪಟ್ಟಣದಲ್ಲಿ ಕೊಂಡ ಮರದ ರೈಲು. ಗಂಡ ಮುಕ್ತಿಯಾರ್ ಕೈ ತೊಳೆದು ಕೂತೇ ಬಿಟ್ಟರು. ಹೆಂಡತಿ ಖುರ್ಷಿದಾ ಕೂರಲಿಲ್ಲ. ಸೀದಾ ಅತ್ತೆಯ ಹತ್ತಿರ ಬಂದು ನಿಂತರು.

"ಅಕ್ಕಾರ, ಒಂದ ಮಾತು ಕೇಳ್ತೀನ್ರಿ. ಸಾರಿನ್ಯಾಗ ಶೇಂಗಾ ಹಾಕೀರೇನ್ರಿ? ನಿಮ್ಮ ಕಡೆ ಕಡ್ಲೆಕಾಯಿ ಬೀಜ ಅಂತೀರಲ್ಲ, ಅದು. ನಮ್ಮ ಕರೀಂಗ ಅದು ಆಗಿಬರಂಗಿಲ್ರಿ. ಒಂದ ಕಾಳು ಹೊಟ್ಟಿಗೆ ಹೋದ್ರೂ ಗಂಟಲಾ ಕಟ್ಟತೈತಿ."

ಅವರ ಸೀಮೆಯಲ್ಲಿ ಎಲ್ಲದಕ್ಕೂ ಶೇಂಗಾ ಪುಡಿ ಇದ್ದೇ ಇರುತ್ತದಂತೆ. ಅದಕ್ಕೇ ಹೊರಗೆ ಎಲ್ಲಿ ಹೋದರೂ ಮಗನಿಗೆ ಮನೆ ಬುತ್ತಿಯೇ. ಈ ಸಲ ಬೆಳಗ್ಗೆ ಡಬ್ಬಿಗೆ ಹಾಕಿದ್ದ ಅನ್ನ ಸೆಕೆಗೆ ಹಳಸಿತ್ತು. ಈ ಕಡೆ ತೆಂಗಿನ ಸೀಮೆ, ಹೆದರಿಕೆಯಿಲ್ಲ ಎಂದು ಯಾರೋ ಹೇಳಿದ್ದರಂತೆ.

ಅತ್ತೆ ಎದೆ ಸೆಟೆಸಿ ಹೇಳಿದರು. "ನಮ್ದು ಬರೀ ಕಾಯಿ ಸಾರು ಕಣವ್ವ. ಎಂಟು ಕಾಯಿ. ಕಡ್ಲೆಕಾಯಿ ಬೀಜನ ನಾನು ಈ ಒಲೆ ತಾವ್ಕೆ ಬುಟ್ಟಿಲ್ಲ."

ನಾನು ಎರಡು ಮಾರು ದೂರದಲ್ಲಿ ಸಾರಿನ ಬಕೆಟ್ಟು ಹಿಡಿದು ನಿಂತಿದ್ದೆ.

ಖುರ್ಷಿದಾ ಅಷ್ಟಕ್ಕೇ ಬಿಡಲಿಲ್ಲ. ಎಣ್ಣೆ ಯಾವುದು, ಚಟ್ನಿಗೆ ಏನು ಹಾಕಿದೆ, ಚಟ್ನಿಯ ಸೌಟನ್ನು ಸಾರಿಗೂ ಹಾಕುತ್ತೀರಾ, ಎಲ್ಲ ಕೇಳಿದರು. ಕೊನೆಗೆ ನನ್ನ ಕಡೆ ತಿರುಗಿ, "ರುಬ್ಬೋರು ನೀವಲ್ರಿ? ಶೇಂಗಾ ಇಲ್ಲ, ಹೌದಲ್ರಿ?" ಎಂದರು.

ಹೇಳಬಹುದಿತ್ತು. ಒಂದು ಮಾತು ಸಾಕಿತ್ತು. ಆದರೆ ಅಲ್ಲಿ ಇಪ್ಪತ್ತು ಜನ ಉಣ್ಣುತ್ತಿದ್ದರು, ಅವರೆದುರಿಗೆ ಅತ್ತೆಯ ಮಾತನ್ನು ಸೊಸೆ ಸುಳ್ಳು ಮಾಡುವುದು ಹೇಗೆ? ಇನ್ನೊಂದನ್ನೂ ಒಪ್ಪಿಕೊಳ್ಳುತ್ತೇನೆ. ನನಗೆ ಗೊತ್ತಿದ್ದದ್ದು ನಂಜು ಮಾತ್ರ. ಗಾಯವಾದಾಗ, ಮೈಮೇಲೆ ಗುಳ್ಳೆ ಎದ್ದಾಗ ಬದನೆಕಾಯಿ, ಕಡಲೆಕಾಯಿ ನಂಜು ಎಂದು ನಾಲ್ಕು ದಿನ ಬಿಡುತ್ತಿದ್ದೆವು. ಕದ್ದು ತಿಂದರೆ ಒಸಿ ಕೆರೆತ ಹೆಚ್ಚುತ್ತಿತ್ತು, ಅಷ್ಟೆ. ನಂಜಿನಿಂದ ಸತ್ತವರನ್ನು ನಾನು ಕಂಡಿರಲಿಲ್ಲ. ಪೇಟೆಯ ತಾಯಂದಿರು ಅತಿ ಮಾಡುತ್ತಾರೆ ಎಂದುಕೊಂಡೆ.

"ಹೂಂ, ಇಲ್ಲ" ಎಂದೆ.

ಆಮೇಲೆ ಒಂದು ಜಾಣತನ ಮಾಡಿದೆ. ರುಬ್ಬಿದ್ದೆಲ್ಲ ತಳದಲ್ಲಿರುತ್ತದೆ ಎಂದು ಲೆಕ್ಕ ಹಾಕಿ, ಬಕೆಟ್ಟು ಕಲಕದೆ ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿ ಆ ಮಗುವಿನ ಅನ್ನಕ್ಕೆ ಒಂದೂವರೆ ಸೌಟು ಹಾಕಿದೆ. ಹುಡುಗ ನನ್ನ ಮುಖ ನೋಡಿ ನಕ್ಕ. ಮುಂದಿನ ಎರಡು ಹಲ್ಲು ಬಿದ್ದಿದ್ದವು.

ನಾಲ್ಕು ತುತ್ತು ಉಂಡಿರಬೇಕು. ತುಟಿ ಉಜ್ಜಿಕೊಳ್ಳಲು ಶುರು ಮಾಡಿದ. "ಅಮ್ಮೀ, ಗಂಟಲಾಗ ಏನೋ ಆಗಾಕತ್ತೈತಿ" ಎಂದ. ಖುರ್ಷಿದಾ ಎಲೆ ದೂಡಿ ಎದ್ದರು. ಹುಡುಗ ಉಂಡಿದ್ದನ್ನೆಲ್ಲ ಕಾರಿಕೊಂಡ. ನೋಡನೋಡುತ್ತಾ ಕಣ್ಣಿನ ರೆಪ್ಪೆ ಊದಿತು, ಕುತ್ತಿಗೆಯೆಲ್ಲ ಕೆಂಪಗೆ ದದ್ದು. ಚೀಲದಿಂದ ಒಂದು ಔಷಧಿ ಬಾಟಲಿ ತೆಗೆದು ಕುಡಿಸಿದರು, ಅದೂ ಹೊರಗೆ ಬಂತು. ಉಸಿರು ಎಳೆದುಕೊಳ್ಳುವಾಗ ಸೀಟಿಯಂಥ ಸದ್ದು.

ಅತ್ತೆ ಹಿಟ್ಟಿನ ಕೈಯಲ್ಲೇ ವ್ಯಾನು ಹತ್ತಿ, "ರಾಮನಗರದ ಆಸ್ಪತ್ರೆ ನಾನು ತೋರಿಸ್ತೀನಿ, ಬುಡಪ್ಪ ಗಾಡಿನ" ಎಂದರು. ನನ್ನನ್ನೂ ಎಳೆದುಕೊಂಡರು. ದಾರಿಯುದ್ದಕ್ಕೂ ರಸ್ತೆ ಅಗೆದು ಹಾಕಿದ್ದರು. ತಾಯಿಯ ತೊಡೆಯ ಮೇಲೆ ಮಗು, ನನ್ನ ಮಡಿಲಲ್ಲಿ ಅದರ ಪುಟ್ಟ ಚಪ್ಪಲಿಗಳು. ಹೇಳು, ಈಗ ಹೇಳು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಚಪ್ಪಲಿಗಳಿಗೆ ಅಂಟಿದ್ದ ಧೂಳು ಒರೆಸುತ್ತಾ ಕೂತೆ.

ಆಸ್ಪತ್ರೆಯಲ್ಲಿ ಡಾಕ್ಟರು ಮಗುವಿನ ಎದೆಗೆ ಸ್ಟೆತಸ್ಕೋಪು ಇಟ್ಟು, "ಮೊದಲೇ ದಮ್ಮು ಇದೆಯಾ?" ಎಂದರು. ಇದೆ ಎಂದರು ಖುರ್ಷಿದಾ. "ರಸ್ತೆಯ ಧೂಳಿಗೆ ಹೆಚ್ಚಾಗಿರಬಹುದು. ಇಲ್ಲವೇ ತಿಂದದ್ದರಿಂದ. ಕಡಲೆಕಾಯಿ ಆಗಲ್ಲ ಅಂತೀರಿ. ತಿಂದಿದ್ದಾನಾ? ಸರಿಯಾಗಿ ಹೇಳಿ, ಅದಕ್ಕೆ ಕೊಡುವ ಇಂಜೆಕ್ಷನ್ನೇ ಬೇರೆ."

"ಇಲ್ರಿ. ಎರಡ ಸಲ ಕೇಳೀನಿ. ಇಲ್ಲ ಅಂತ ಹೇಳ್ಯಾರ."

ಎಲ್ಲರೂ ಅತ್ತೆಯ ಕಡೆ ನೋಡಿದರು. ಅತ್ತೆ ನನ್ನ ಕಡೆ ನೋಡಿದರು. "ಅತ್ತೆ" ಎಂದೆ ನಾನು, ಅಷ್ಟೇ ಹೊರಟಿತು. ಅವರ ಕಣ್ಣು ನನ್ನ ಮುಖದಿಂದ ಇಳಿದು ಸೊಂಟಕ್ಕೆ ಸಿಕ್ಕಿಸಿದ್ದ ಸೆರಗಿನ ಮೇಲೆ ನಿಂತಿತು. ಬೆಳಗ್ಗೆ ಬೀಜದ ಸಿಪ್ಪೆ ತೂರಿದ್ದೆನಲ್ಲ, ಸೆರಗಿನ ಮಡಿಕೆಯಲ್ಲಿ ಕೆಂಪು ಸಿಪ್ಪೆ ಸಿಕ್ಕಿಕೊಂಡಿತ್ತು.

ಅತ್ತೆ ಒಂದು ಗಳಿಗೆಯೂ ತಡಮಾಡಲಿಲ್ಲ. "ಐತೆ ಡಾಕ್ಟ್ರೇ. ಕಡ್ಲೆಕಾಯಿ ಬೀಜ ರುಬ್ಬಿ ಹಾಕೈತೆ. ಹಾಕಿದ್ದು ನಾನು. ಸುಳ್ಳು ಹೇಳ್ದೆ" ಎಂದರು.

ನರ್ಸು ಓಡಿದಳು. ತೊಡೆಗೆ ಇಂಜೆಕ್ಷನ್ ಕೊಟ್ಟರು, ಮೂಗಿಗೆ ಆಮ್ಲಜನಕ ಹಿಡಿದರು. ಎಷ್ಟು ಹೊತ್ತು ಹಿಡಿಯಿತೋ, ನನಗಂತೂ ಒಂದು ಯುಗ. ನಿಧಾನವಾಗಿ ಆ ಸೀಟಿ ಕಮ್ಮಿಯಾಯಿತು. ಹುಡುಗ ಕಣ್ಣು ಬಿಟ್ಟು ರೈಲು ಎಲ್ಲಿ ಎಂದು ಕೇಳಿದ.

ಆಗ ಮುಕ್ತಿಯಾರ್ ಅತ್ತೆಯನ್ನು ಬೈದರು. ವರಾಂಡದಲ್ಲಿದ್ದವರೆಲ್ಲ ಬಾಗಿಲಿಗೆ ಬಂದು ನೋಡುವ ಹಾಗೆ ಬೈದರು. ಅತ್ತೆ ರಾಗಿ ಹಿಟ್ಟು ಒಣಗಿದ್ದ ಎರಡೂ ಕೈ ಜೋಡಿಸಿ ತಲೆ ತಗ್ಗಿಸಿ ನಿಂತಿದ್ದರು. ಜೀವಮಾನದಲ್ಲಿ ಅವರು ಯಾರೆದುರೂ ತಲೆ ತಗ್ಗಿಸಿದ್ದನ್ನು ನಾನು ಕಂಡಿರಲಿಲ್ಲ. ಖುರ್ಷಿದಾ ಬೈಯಲಿಲ್ಲ. "ಎರಡ ಸಲ ಕೇಳಿದ್ನೆಲ್ರಿ ಅಕ್ಕಾ" ಎಂದಷ್ಟೇ ಅಂದು ಅತ್ತರು. ನಾನು ಚಪ್ಪಲಿ ಹಿಡಿದುಕೊಂಡು ಗೋಡೆಗೆ ಒರಗಿದ್ದೆ. ಯಾರೂ ನನ್ನನ್ನು ಏನೂ ಕೇಳಲಿಲ್ಲ.

ಬಸ್ಸಿನಲ್ಲಿ ಹಿಂದಿರುಗುವಾಗ ಅತ್ತೆ ಅದರ ಬಗ್ಗೆ ಒಂದೇ ಒಂದು ಸಲ ಮಾತಾಡಿದರು. "ಅಲ್ಲಿ ಬಾಯಿ ಬುಡಬೇಕಾದೋಳು ನೀನು. ಬುಡ್ಲಿಲ್ಲ. ನೀನು ಬುಡೋಗಂಟ ಕಾದಿದ್ರೆ ಮಗ ಉಳೀತಿರ್ಲಿಲ್ಲ." ಆಮೇಲೆ ಕಿಟಕಿಯ ಕಡೆ ತಿರುಗಿ, "ನನ್ನ ಸಾರು ಅಂತ ಮೆರೀತಿದ್ನಲ್ಲ, ನನ್ಗೂ ಬೇಕಾಗಿತ್ತು" ಎಂದರು.

ಸುದ್ದಿ ನಮಗಿಂತ ಮೊದಲೇ ಮನೆ ಮುಟ್ಟಿತ್ತು. ಎಂಟು ಕಾಯಿ ಎಂದು ಕೂಗುತ್ತಿದ್ದ ಮುದುಕಿ ಕಡಲೆಕಾಯಿ ರುಬ್ಬಿ ಹಾಕಿ ಮಗು ಸಾಯಿಸಲು ಹೊರಟಿದ್ದಳು ಎಂದು ಚನ್ನಪಟ್ಟಣದವರೆಗೂ ಆಡಿಕೊಂಡರು. ಕಂಪನಿ ಹುಡುಗರು "ಕಡ್ಲೆಕಾಯಿ ಲಕ್ಷ್ಮಮ್ಮ" ಎಂದು ಹೆಸರಿಟ್ಟರು. ಲೋಕೇಶ್ ಒಂದು ತಿಂಗಳು ಹೆತ್ತ ತಾಯಿಯನ್ನು ಮಾತಾಡಿಸಲಿಲ್ಲ. ಆ ಒಂದು ತಿಂಗಳೂ ನಾನು ಗಂಡನ ಪಕ್ಕದಲ್ಲೇ ಕೂತು ಊಟ ಬಡಿಸಿದೆ, ಬಾಯಿ ಬಿಡಲಿಲ್ಲ. ಇಂಥವಳಿಗೆ ಏನು ಹೆಸರಿಡಬೇಕೋ ನೀವೇ ಹೇಳಿ.

ಮೂಟೆಯನ್ನು ಅತ್ತೆ ತಾವೇ ಹೊತ್ತುಕೊಂಡು ಹೋಗಿ ದನದ ಕೊಟ್ಟಿಗೆಗೆ ಹಾಕಿದರು. ಮಾರನೆಯ ದಿನದಿಂದ ಎಷ್ಟು ಕಾಯಿ ಸಿಕ್ಕಿತೋ ಅಷ್ಟರದೇ ಸಾರು, ನೀರಾದರೆ ನೀರು. ಎಲೆ ಹಾಸುವಾಗ ಎಂಟು ಕಾಯಿ ಎನ್ನುವುದನ್ನು ಬಿಟ್ಟರು. ಅದರ ಬದಲು ಒಬ್ಬೊಬ್ಬರ ಮುಂದೆಯೂ ನಿಂತು, ಕಾಯಿ, ಹುರುಳಿಕಾಳು, ಕೊತ್ತಂಬರಿ ಬೀಜ, ಮೆಣಸಿನಕಾಯಿ, ಸೂರ್ಯಕಾಂತಿ ಎಣ್ಣೆ, ಇಷ್ಟೇ ಇರುವುದು, ಯಾವುದಾದರೂ ಆಗಿಬರುವುದಿಲ್ಲವೇ ಎಂದು ಕೇಳುತ್ತಿದ್ದರು. ಹುಡುಗರು ನಗುತ್ತಿದ್ದರು, "ನಮ್ಗೆ ಕಾಸು ಕೊಡೋದೊಂದು ಆಗಿಬರಲ್ಲ ಅಮ್ಮ" ಎನ್ನುತ್ತಿದ್ದರು. ಅತ್ತೆ ನಗದೆ ಮುಂದಿನ ಎಲೆಗೆ ಹೋಗುತ್ತಿದ್ದರು. ಸಾಯುವ ಹದಿನೈದು ದಿನ ಮುಂಚಿನವರೆಗೂ ಇದು ನಡೆಯಿತು.

ಹೋದ ದಸರಾ ರಜೆಯಲ್ಲಿ, ಎರಡು ಸಾವಿರದ ಒಂಬತ್ತರಲ್ಲಿ, ಖುರ್ಷಿದಾ ಮತ್ತೆ ಬಂದರು. ಜೊತೆಯಲ್ಲಿ ಕರೀಂ, ಈಗ ತಾಯಿಯ ಭುಜದೆತ್ತರದ ಹುಡುಗ. ಗೋಡೆಯ ಮೇಲೆ ಹಾರ ಹಾಕಿದ್ದ ಅತ್ತೆಯ ಫೋಟೋ ಕಂಡು ನಿಂತುಬಿಟ್ಟರು.

"ಹೋಗಿಬಿಟ್ರೇನು" ಎಂದರು. "ಅವತ್ತ ಸಿಟ್ಟಿತ್ರಿ ನನಗ. ಭಾಳ ದಿನ ಇತ್ತು. ಆಮ್ಯಾಲ ತಿಳೀತು, ಅಷ್ಟ ಮಂದಿ ಮುಂದ ಖರೆ ಹೇಳೂದು ಸಣ್ಣ ಮಾತಲ್ಲ. ಸುಳ್ಳ ಹೇಳಿದ್ರೂ ಕಡೀಗೆ ಖರೆ ಹೇಳಿ ಮಗನ್ನ ಉಳಿಸಿದ್ರು. ಅದನ್ನ ಹೇಳಿ ಹೋಗೂಣು ಅಂತ ಬಂದಿದ್ದೆ."

ನನ್ನ ಕೈಯಲ್ಲಿ ಅವತ್ತಿನದೇ ಬಕೆಟ್ಟು. ಕೆಳಗಿಟ್ಟೆ.

"ಹಾಕಿದ್ದು ಅತ್ತೆ ಅಲ್ಲ, ನಾನು" ಎಂದೆ. "ಅವರಿಗೆ ಗೊತ್ತೇ ಇರ್ಲಿಲ್ಲ. ನೀವು ನನ್ನ ಕೇಳಿದಾಗ ಇಲ್ಲ ಅಂದೆ."

ಬೈಯಲಿ ಎಂದು ಕಾದೆ, ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರು ಫೋಟೋದ ಕಡೆ ತಿರುಗಿ ಮೆಲ್ಲಗೆ ಹೇಳಿದರು.

"ಹಂಗಾದ್ರ ಆಕಿ ಸುಳ್ಳ ಹೇಳಿದ್ದು ಇಲ್ಲಲ್ಲ, ಆಸ್ಪತ್ರಿಯೊಳಗ."

ಆಮೇಲೆ ಬೆಂಚಿನ ಮೇಲೆ ಕೂತು, ಚೀಲದಿಂದ ಸ್ಟೀಲ್ ಡಬ್ಬಿ ತೆಗೆದು ಮಗನಿಗೆ ಬುತ್ತಿ ಬಿಚ್ಚಿಕೊಟ್ಟರು. ನಾನು ಲೋಟ ಬೆಳಗಿ, ನೀರು ತಂದು ಹುಡುಗನ ಮುಂದಿಟ್ಟೆ. ಅವನು ಲೋಟ ಎತ್ತಿಕೊಂಡ. ಕುಡಿಯುವ ಮೊದಲು ತಾಯಿಯ ಮುಖ ನೋಡಿದ.