ರೀಸ್ಟಾರ್ಟ್ ರಾಯನ ಹೊಟ್ಟೆಕಿಚ್ಚು

ಪುರಸಭೆ ಕಚೇರಿಯಲ್ಲಿ ಅವನ ನಿಜವಾದ ಹೆಸರು ಯಾರಿಗೂ ಬೇಕಿರಲಿಲ್ಲ. ಎಲ್ಲರಿಗೂ ಅವನು ರೀಸ್ಟಾರ್ಟ್ ರಾಯ. ಕಂಪ್ಯೂಟರ್ ಕೆಟ್ಟಿತೆಂದು ಯಾರು ಕರೆದರೂ "ರೀಸ್ಟಾರ್ಟ್ ಮಾಡಿದ್ರಾ?" ಎಂದೇ ಶುರುಮಾಡುತ್ತಿದ್ದ. ಅರ್ಧಕ್ಕರ್ಧ ರೋಗ ಅದರಲ್ಲೇ ವಾಸಿಯಾಗುತ್ತಿತ್ತು. ಉಳಿದದ್ದಕ್ಕೆ ಮೆಟ್ಟಿಲ ಕೆಳಗಿನ ತನ್ನ ಗೂಡಿನಿಂದ ಸ್ಕ್ರೂಡ್ರೈವರನ್ನು ಜೇಬಿಗಿಳಿಸಿ ಹೊರಡುತ್ತಿದ್ದ. ತೆರಿಗೆ ವಿಭಾಗವಿರಲಿ, ನೀರಿನ ವಿಭಾಗವಿರಲಿ, ಅಧ್ಯಕ್ಷರ ಕೊಠಡಿಯೇ ಇರಲಿ, ರಾಯ ಬಂದನೆಂದರೆ ಕುರ್ಚಿ ಬಿಟ್ಟು ಏಳುತ್ತಿದ್ದರು. ಒಂದು ಕಾಲದಲ್ಲಿ ರೇಡಿಯೋ ಅಂಗಡಿಯಲ್ಲಿ ಬೆಸುಗೆ ಹಾಕುತ್ತ ಕೂತಿದ್ದವನಿಗೆ ಇದಕ್ಕಿಂತ ಇನ್ನೇನು ಬೇಕು, ನೀವೇ ಹೇಳಿ.

ಅವನ ಹೆಂಡತಿಯೂ ಅಲ್ಲೇ, ಜನನ-ಮರಣ ಪ್ರಮಾಣಪತ್ರ ಕೊಡುವ ಕೌಂಟರಿನಲ್ಲಿ. ಅವಳಿಗೆ ಮೌಸ್ ಹಿಡಿಯಲು ಕಲಿಸಿದ್ದೇ ಅವನು. ಕಂಪ್ಯೂಟರ್ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಾಗಿದ್ದ ಕಾಲ ಅದು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ ಮೌಸನ್ನು ನಿಜವಾದ ಇಲಿಯೇನೋ ಎಂಬಂತೆ ಎರಡು ಬೆರಳಲ್ಲಿ ಹಿಡಿದದ್ದು ನೋಡಿ, ಅವಳ ಕೈಮೇಲೆ ಕೈಯಿಟ್ಟು ಪರದೆಯ ತುಂಬ ಬಾಣ ಓಡಾಡಿಸಿದ್ದ. ಕೈ ತೆಗೆಯಲು ಮರೆತ. ಅವಳೂ ನೆನಪಿಸಲಿಲ್ಲ. ವರ್ಷ ತಿರುಗುವುದರೊಳಗೆ ಮದುವೆಯಾಯಿತು.

ಇಂಥವಳು ತನ್ನ ಕಂಪ್ಯೂಟರ್ ಕೆಟ್ಟರೆ ಇನ್ನೊಬ್ಬನನ್ನು ಕರೆಯುವುದೆಂದರೇನು!

ಆ ಇನ್ನೊಬ್ಬ ಮೊನ್ನೆ ಮೊನ್ನೆ ವರ್ಗವಾಗಿ ಬಂದವನು. ರಾಯನ ಕೆಲಸ ಹಂಚಿಕೊಳ್ಳಲೆಂದೇ ಕಳಿಸಿದ್ದರು. ಮೂವತ್ತೈದರ ಆಸುಪಾಸು, ಇಸ್ತ್ರಿ ಶರ್ಟು, ಎಲ್ಲರಿಗೂ ಸರ್, ಮೇಡಮ್. ಮಾತೋ, ಬಾಯಲ್ಲಿಟ್ಟರೆ ಕರಗಬೇಕು. ರಾಯ ಮನಸ್ಸಿನಲ್ಲೇ ಅವನಿಗೆ 'ಬೆಣ್ಣೆ' ಎಂದು ಹೆಸರಿಟ್ಟ. ಬೆಣ್ಣೆ ಮೇಜಿನಿಂದ ಮೇಜಿಗೆ ಅಲೆಯುತ್ತಿರಲಿಲ್ಲ. ಮೇಲಿನ ಮಹಡಿಯಲ್ಲಿ ಕೂತಲ್ಲೇ ಕೂತು, ಎಲ್ಲರ ಕಂಪ್ಯೂಟರಿನೊಳಗೂ ದೂರದಿಂದಲೇ ಹೋಗುತ್ತಿದ್ದ. ಕೌಂಟರಿನ ಗದ್ದಲದಲ್ಲಿ ಫೋನು ಕೇಳಿಸುವುದಿಲ್ಲವಲ್ಲ, ಅದಕ್ಕೆ ಪರದೆಯ ಮೇಲೊಂದು ಖಾಲಿ ಹಾಳೆ ತೆರೆದು ಅದರಲ್ಲೇ ಬರೆದು ಕೇಳುತ್ತಿದ್ದ. ಇವರು ಉತ್ತರ ಬರೆದರೆ, ಬಾಣ ತಾನಾಗಿಯೇ ಓಡಾಡಿ ಎಲ್ಲ ಸರಿಮಾಡಿ ಹೋಗುತ್ತಿತ್ತು.

"ಏನ್ ಮಾಯೆನೋ ಸಾರ್, ಒಂದು ಮಾತು ಗೊಣಗಲ್ಲ ಅವ್ರು," ಎಂದು ಒಂದು ದಿನ ಜವಾನ ರಾಯನ ಗೂಡಿಗೆ ಬಂದು ಉರಿಗೆ ತುಪ್ಪ ಸುರಿದ. "ನಿಮ್ಮ ಮನೆಯವ್ರ ಪ್ರಿಂಟರೂ ಅವ್ರೇ ಸರಿಮಾಡಿದ್ರಂತೆ."

"ಯಾರ ಮನೆಯವ್ರದು?"

"ನಿಮ್ಮದೇ ಸಾರ್. ವಾರದಲ್ಲಿ ಎರಡು ಸಲನಾದ್ರೂ ಮೇಡಮ್ ಅವ್ರನ್ನೇ ಕರೀತಾರೆ. ನಿಮಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸರಿ, ಆದರೆ ಹಿತ್ತಲ ಗಿಡಕ್ಕೆ ಅದು ಗೊತ್ತಾದರೆ ಎಷ್ಟು ಉರಿಯುತ್ತದೆಂದು ಗಾದೆ ಕಟ್ಟಿದವರು ಯೋಚಿಸಿರಲಿಕ್ಕಿಲ್ಲ. ಅವತ್ತು ಮನೆಯಲ್ಲಿ ಅವಳು ತಟ್ಟೆಗೆ ಬಡಿಸುವಾಗ ರಾಯ ಏನೂ ಗೊತ್ತಿಲ್ಲದವನಂತೆ ಕೇಳಿದ.

"ನಿನ್ನ ಪ್ರಿಂಟರ್ ಹೇಗಿದೆ?"

"ಚೆನ್ನಾಗಿದೆ."

"ತೊಂದ್ರೆ ಏನೂ ಇಲ್ಲ?"

"ಏನೂ ಇಲ್ಲ. ಇನ್ನೊಂದು ಸ್ವಲ್ಪ ಹಾಕ್ಲಾ?"

ಮುಖದಲ್ಲಿ ಒಂದು ಗೆರೆ ಅಲುಗಬೇಕಲ್ಲ! ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ. ಅವಳು ಹೊಸ ಕಿವಿಯೋಲೆ ಹಾಕಿದರೆ, ಯಾರಿಗೆ? ಕನ್ನಡಿ ಮುಂದೆ ಒಂದು ಗಳಿಗೆ ಹೆಚ್ಚು ನಿಂತರೆ, ಯಾಕೆ? ಮುಂದಿನ ವಾರ ಅವನೇ ನೆಪ ಮಾಡಿಕೊಂಡು ಅವಳ ಕೌಂಟರಿಗೆ ಹೋದ. ಕೀಬೋರ್ಡಿನ ಒಂದು ಗುಂಡಿ ಸಿಕ್ಕಿಹಾಕಿಕೊಂಡಿತ್ತು. "ಏನ್ ಮಾಡ್ದೆ ಇದಕ್ಕೆ?" ಎಂದ. ಅವಳು ಪಕ್ಕಕ್ಕೆ ಸರಿದಳು. ಗುಂಡಿ ಕಿತ್ತು, ಊದಿ, ಕೂಡಿಸಿ ಕೊಟ್ಟ. ಅವಳು ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಗಂಡನಿಗ್ಯಾವ ಥ್ಯಾಂಕ್ಸು ಎಂದು ಅವನೂ ಇಷ್ಟು ವರ್ಷ ಅಂದುಕೊಂಡಿದ್ದವನೇ. ಅವತ್ತು ಮಾತ್ರ ಅದು ಮುಳ್ಳಾಗಿ ಚುಚ್ಚಿತು.

ಕೊನೆಗೆ ಮಾಡಬಾರದ್ದನ್ನು ಮಾಡಿದ. ಬೆಣ್ಣೆ ಬಳಸುವ ಸಲಕರಣೆಯೇ ರಾಯನ ಯಂತ್ರದಲ್ಲೂ ಇತ್ತು. ಇದೆಲ್ಲ ಸೋಮಾರಿಗಳ ಕೆಲಸ ಎಂದು ಈವರೆಗೆ ಮುಟ್ಟಿರಲಿಲ್ಲ. ಒಂದು ಮಧ್ಯಾಹ್ನ ಗೂಡಿನ ಬಾಗಿಲು ಹಾಕಿಕೊಂಡು ಹೆಂಡತಿಯ ಕಂಪ್ಯೂಟರಿನೊಳಕ್ಕೆ ಇಣುಕಿದ. ಅವರಿಬ್ಬರು ಏನು ಬರೆದುಕೊಳ್ಳುತ್ತಾರೆಂದು ಕಣ್ಣಾರೆ ನೋಡಿಬಿಡಬೇಕಿತ್ತು. ನಾಚಿಕೆಯಾಗಲಿಲ್ಲವೇ? ಆಯಿತು. ಆದರೂ ನೋಡಿದ. ಹೊಟ್ಟೆಕಿಚ್ಚಿನ ಮುಂದೆ ನಾಚಿಕೆ ಎಷ್ಟು ಹೊತ್ತು ನಿಂತೀತು!

ಅಭ್ಯಾಸವಿಲ್ಲದ ಕೆಲಸ. 'ನೋಡಲು ಮಾತ್ರ' ಎಂಬ ಚೌಕಕ್ಕೆ ಗುರುತು ಹಾಕಲು ಮರೆತ. ಬೆವರಿದ ಕೈ ಮೌಸಿಗೆ ತಾಗಿತು. ಅಲ್ಲಿ, ಅವಳ ಪರದೆಯ ಮೇಲೆ, ಬಾಣ ತಟಕ್ಕನೆ ಹಾರಿತು.

ರಾಯ ಮೌಸಿನಿಂದ ಕೈ ತೆಗೆದ. ಪರದೆಯ ಮೇಲೆ ಖಾಲಿ ಹಾಳೆ ತೆರೆದುಕೊಂಡಿತು, ತೆರೆದದ್ದು ಅವಳೇ. ಅವಳು ಬರೆಯತೊಡಗಿದಳು.

"ಬಂದ್ರಾ ಸರ್? ನಾನೇ ನಿಮ್ಮನ್ನ ಕರೀಬೇಕು ಅಂತಿದ್ದೆ. ಮಗುವಿನ ಹೆಸರಲ್ಲಿ ಅರ್ಕಾವತ್ತು ಇದೆ. ಪರದೆ ಮೇಲೆ ಸರಿ ಇದೆ, ಪ್ರಿಂಟ್ ಕೊಟ್ರೆ ಪಕ್ಕದ ಅಕ್ಷರಕ್ಕೆ ಹೋಗಿ ಕೂರುತ್ತೆ. ತಾಯಿ ಪಾಪ ಎರಡನೇ ಸಲ ಬಂದಿದ್ದಾರೆ."

ಬೆಣ್ಣೆ ಎಂದುಕೊಂಡಿದ್ದಾಳೆ! ಅಲ್ಲಿಗೇ ಎದ್ದು ಹೋಗಬಹುದಿತ್ತು. ಅಷ್ಟರಲ್ಲಿ ಇನ್ನೊಂದು ಸಾಲು ಮೂಡಿತು.

"ನಮ್ಮವ್ರಿಗೆ ಮಾತ್ರ ಹೇಳ್ಬೇಡಿ."

ರಾಯನ ಮೈಯೆಲ್ಲ ಧಗಧಗ ಎಂದಿತು. ಸಿಕ್ಕಿಬಿದ್ದಳು ಎಂದುಕೊಂಡ. ಬೆಣ್ಣೆಯ ಧಾಟಿಯಲ್ಲೇ, ಮೆತ್ತಗೆ ಟೈಪ್ ಮಾಡಿದ. "ಯಾಕೆ ಮೇಡಮ್?"

ಉತ್ತರ ಒಂದೊಂದೇ ಅಕ್ಷರವಾಗಿ ಬಂತು.

"ನೀವು ಬಂದ್ರೆ ಏನಾಯ್ತು ಅಂತ ಕೇಳ್ತೀರಿ. ಅವ್ರು ಏನ್ ಮಾಡ್ದೆ ಅಂತಾರೆ. ಕ್ಯೂನಲ್ಲಿ ನಿಂತಿರೋ ಜನರ ಮುಂದೆ. ಬೇರೆಯವ್ರಿಗೆಲ್ಲ ಅವ್ರೂ ಏನಾಯ್ತು ಅಂತಾನೇ ಕೇಳೋದು, ನಾನೇ ನೋಡಿದೀನಿ. ನನಗೊಬ್ಳಿಗೇ ಹೀಗೆ. ಅವ್ರು ಪಕ್ಕದಲ್ಲಿ ನಿಂತ್ರೆ ನನ್ನ ಕೈ ನಡುಗುತ್ತೆ ಸರ್, ಗೊತ್ತಿರೋದೂ ತಪ್ಪಾಗುತ್ತೆ."

ರಾಯ ಅದನ್ನು ಓದಿದ. ಮತ್ತೆ ಓದಿದ. ಬೇರೆ ಏನೇನೋ ಓದಲು ಎದೆ ಗಟ್ಟಿಮಾಡಿಕೊಂಡು ಕೂತಿದ್ದ ಪುಣ್ಯಾತ್ಮ, ಇದಕ್ಕೆ ತಯಾರಿರಲಿಲ್ಲ. ಬೈಯಲು ಹೊರಟರೆ ಯಾರನ್ನು ಬೈಯುವುದು?

"ಸರ್, ಇದ್ದೀರಾ?"

"ಇದ್ದೀನಿ," ಎಂದು ಬರೆದ. ಅಕ್ಷರದ ಫಾಂಟು ಹಳೆಯದಾಗಿತ್ತು. ಬದಲಿಸಿದ, ಒಂದು ಪ್ರತಿ ಪ್ರಿಂಟಿಗೆ ಕಳಿಸಿದ. ಒಂದು ನಿಮಿಷದ ಕೆಲಸ.

"ಸರಿಯಾಯ್ತು! ತುಂಬಾ ಥ್ಯಾಂಕ್ಸ್ ಸರ್. ನಿಮ್ಮ ಕೈಗುಣವೇ ಬೇರೆ."

ನೋಡಿ ವಿಚಿತ್ರ. ಇಷ್ಟು ವರ್ಷದಲ್ಲಿ ಹೆಂಡತಿ ಅವನ ಕೆಲಸವನ್ನು ಹೊಗಳಿದ್ದು ಅದೇ ಮೊದಲು, ಅದೂ ಬೆಣ್ಣೆಯ ಪಾಲಾಯಿತು. ರಾಯನಿಗೆ ಆ ಗಳಿಗೆಯಲ್ಲೂ, ಅಷ್ಟೆಲ್ಲ ಓದಿದ ಮೇಲೂ, ಬೆಣ್ಣೆಯ ಮೇಲೆ ಹೊಟ್ಟೆ ಉರಿಯಿತು. ಅವನು ಒಳ್ಳೆಯವನೆಂದು ಗೊತ್ತಾದ ಮೇಲೆ ಉರಿ ಇನ್ನೂ ಹೆಚ್ಚಾಯಿತು ಎಂದರೂ ಸರಿಯೇ. ಕೆಟ್ಟವನಾಗಿದ್ದರೆ ಹೋಗಿ ಕೊರಳಪಟ್ಟಿ ಹಿಡಿಯಬಹುದಿತ್ತು.

ಸಂಜೆ ಕಚೇರಿ ಬಿಟ್ಟ ಮೇಲೆ ಸ್ಕೂಟರ್ ನಿಲ್ಲಿಸುವ ಜಾಗಕ್ಕೆ ಅವಳು ತಡವಾಗಿ ಬಂದಳು. ಮುಖ ಬಿಳಿಚಿಕೊಂಡಿತ್ತು. ಹತ್ತಲಿಲ್ಲ. ಚೀಲವನ್ನು ಎದೆಗೆ ಒತ್ತಿಕೊಂಡು ನಿಂತಳು.

"ಹೊಸ ಸರ್ ಸಿಕ್ಕಿದ್ರು. ಥ್ಯಾಂಕ್ಸ್ ಹೇಳಿದೆ. ಮಧ್ಯಾಹ್ನ ಅವ್ರು ರಜಾ ಹಾಕಿ ಬ್ಯಾಂಕಿಗೆ ಹೋಗಿದ್ರಂತೆ."

ರಾಯ ಸ್ಕೂಟರಿನ ಕನ್ನಡಿ ಸರಿಮಾಡತೊಡಗಿದ. ಅದು ಸರಿಯಾಗಿಯೇ ಇತ್ತು.

"ನೀವೇನಾ?"

"ಹೂಂ."

"ಎಲ್ಲಾ ಓದಿದ್ರಾ?"

"ಹೂಂ."

ಅಳುತ್ತಾಳೆ ಎಂದುಕೊಂಡ. ಕದ್ದು ನೋಡಿದ್ದಕ್ಕೆ ಉಗಿಯುತ್ತಾಳೆ ಎಂದೂ ಅಂದುಕೊಂಡ, ಉಗಿದಿದ್ದರೆ ಹಗುರವಾಗುತ್ತಿತ್ತು. ಅವಳು ಎರಡೂ ಮಾಡಲಿಲ್ಲ.

"ಕದ್ದು ನೋಡಿದ್ದು ತಪ್ಪು," ಎಂದಳು. "ಓದಿದ್ದು ಒಳ್ಳೇದೇ ಆಯ್ತು. ನಿಮ್ಮ ಮುಖ ನೋಡ್ಕೊಂಡು ಹೇಳೋದು ನನ್ನ ಕೈಲಿ ಆಗ್ತಿರ್ಲಿಲ್ಲ."

ಹತ್ತಿ ಹಿಂದೆ ಕೂತಳು. ರಾಯ ಸ್ಟಾರ್ಟ್ ಮಾಡಲಿಲ್ಲ. ಕ್ಷಮಿಸು ಎನ್ನಬೇಕೆಂದು ಬಾಯಿ ತೆರೆದವನ ಬಾಯಿಂದ, ದರಿದ್ರ ಹೊಟ್ಟೆಕಿಚ್ಚು, ಬೇರೆಯೇ ಮಾತು ಬಂತು.

"ನಾಳೆ ಮತ್ತೆ ಕೆಟ್ರೆ ಯಾರನ್ನ ಕರೀತೀಯ?"

ಅವಳು ಚೀಲವನ್ನು ಮಡಿಲಿಗೆ ಸರಿಸಿಕೊಂಡಳು.

"ಯಾರು ಬಂದ್ರೆ ಕೈ ನಡುಗಲ್ವೋ ಅವ್ರನ್ನ," ಎಂದಳು.