ಬಟ್ಟೆಯಲ್ಲಿ ಕಟ್ಟಿಕೊಡಬಹುದಿತ್ತು

ದಾಕ್ಷಾಯಣಿಗೆ ಹೆದರಿಕೆ ಹುಟ್ಟುಗುಣ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಬೆಳೆದು ಹೈಸ್ಕೂಲಿನವರೆಗೆ ಓದಿದವಳು. ದಿನಾ ಪೇಪರು ಓದುತ್ತಿದ್ದಳು, ಓದಿದ್ದೆಲ್ಲ ತನ್ನ ಮನೆಗೇ ಬಂದೀತೆಂದು ನಡುಗುತ್ತಿದ್ದಳು. ಎಲ್ಲೋ ಸಿಡುಬು ಎಂದರೆ ಮಗನ ಅಂಗಿ ಬಿಚ್ಚಿಸಿ ಬೆನ್ನು ನೋಡುವಳು. ಭದ್ರಾ ಹೊಳೆಯಲ್ಲಿ ಯಾರೋ ಮುಳುಗಿದರೆ ಮಗನಿಗೆ ಎಂಟು ದಿನ ಆಟವಿಲ್ಲ. ಗಂಡ ಷಡಕ್ಷರಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಪಾಳಿ ಕೆಲಸದವನು. ಬಂದರೆ ನಿದ್ದೆ, ಎದ್ದರೆ ಕೆಲಸ. ಹಾಗಾಗಿ ಒಬ್ಬನೇ ಮಗ ಚಂದ್ರಮೌಳಿಯನ್ನು ಕಾಯುವುದೆಲ್ಲ ಅವಳ ಪಾಲಿಗೇ ಬಂದಿತ್ತು.

ಕಾದಷ್ಟೂ ಹುಡುಗ ಕೈಯಿಂದ ಜಾರಿದ. ಹನ್ನೆರಡು ತುಂಬುವಷ್ಟರಲ್ಲಿ ಶಾಲೆ ತಪ್ಪಿಸಿ, ಟಿಕೆಟ್ಟಿಲ್ಲದೆ ರೈಲು ಹತ್ತಿ ಶಿವಮೊಗ್ಗ ಸುತ್ತಿ ಸಂಜೆಗೆ ಮನೆ ಸೇರುವುದು ರೂಢಿಯಾಯಿತು. ಅರವತ್ತೊಂದರ ಬೇಸಗೆಯಲ್ಲಿ, ರೈಲು ಹಳಿಯ ಪಕ್ಕದ ಕಬ್ಬಿಣದ ಚೂರುಗಳನ್ನೆತ್ತಿ ಗುಜರಿಗೆ ಹಾಕುತ್ತಿದ್ದ ನಾಲ್ಕು ಹುಡುಗರ ಜೊತೆ ಸಿಕ್ಕಿಬಿದ್ದ. ಪೊಲೀಸರು ಗದರಿಸಿ ಬಿಟ್ಟರು. ಆದರೆ ಇಂಥ ಹುಡುಗರ ಮೇಲೆ ನಿಗಾ ಇಡುವ ಅಧಿಕಾರಿ ವೆಂಕಟಾಚಲ ಸೈಕಲ್ಲಿನಲ್ಲಿ ಮನೆಗೇ ಬಂದರು.

ಅವರು ಹುಡುಗನನ್ನು ಬಿಟ್ಟು ದೊಡ್ಡವರನ್ನೇ ವಿಚಾರಿಸಿದರು. ಅಪ್ಪ ಮಗನ ಜೊತೆ ಕೂತು ಉಂಡು ಎಷ್ಟು ದಿನವಾಯಿತು, ತಾಯಿ ಅವನನ್ನು ಒಬ್ಬನೇ ಎಲ್ಲಿಯವರೆಗೆ ಕಳಿಸುತ್ತಾರೆ, ಹೀಗೆ. ತಪ್ಪು ತನ್ನದೆನ್ನುತ್ತಿದ್ದಾರೆಂದು ದಾಕ್ಷಾಯಣಿಗೆ ಮೈಯೆಲ್ಲ ಉರಿಯಿತು. ಮೂರು ತಿಂಗಳು ಪ್ರತಿ ಗುರುವಾರ ಬರುತ್ತೇನೆ, ಮೂವರನ್ನೂ ಕೂರಿಸಿಕೊಂಡು ಮಾತಾಡುತ್ತೇನೆ, ಹುಡುಗ ಸರಿಹೋಗುತ್ತಾನೆ ಎಂದರು ವೆಂಕಟಾಚಲ. ಷಡಕ್ಷರಪ್ಪ ಒಪ್ಪಿದ. ಅವಳು ಒಪ್ಪಲಿಲ್ಲ.

“ಸೋಮವಾರ ರೈಲಿಗೆ ಸಿಕ್ಕರೆ ನಿಮ್ಮ ಗುರುವಾರ ತಗೊಂಡು ಏನ್ ಮಾಡ್ಲಿ ಸ್ವಾಮಿ?”

ಶಿವಮೊಗ್ಗದಲ್ಲಿ ಇಂಥ ಹುಡುಗರನ್ನು ಇಟ್ಟುಕೊಳ್ಳುವ ಮಂದಿರವೊಂದಿತ್ತು. ಹುಡುಗ ನಮ್ಮ ಕೈಮೀರಿದ್ದಾನೆಂದು ಹೆತ್ತವರೇ ಅರ್ಜಿ ಕೊಟ್ಟರೆ ಎರಡು ವರ್ಷಕ್ಕೆ ಸೇರಿಸಿಕೊಳ್ಳುತ್ತಿದ್ದರು. ಗೋಡೆ ಇದೆ, ಗೇಟಿದೆ, ಹೊತ್ತುಹೊತ್ತಿಗೆ ಊಟವಿದೆ. ಅವಳಿಗೆ ಅಷ್ಟು ಸಾಕಾಗಿತ್ತು.

“ಸೇರಿಸೋಕೆ ಒಂದು ಅರ್ಜಿ ಸಾಕು ತಾಯಿ,” ಎಂದರು ವೆಂಕಟಾಚಲ, ಸೈಕಲ್ಲಿನ ಹಿಡಿ ಹಿಡಿದುಕೊಂಡು. “ವಾಪಸ್ ಕರ್ಕೊಂಡು ಬರೋಕೆ ಅರ್ಜಿ ಸಾಲಲ್ಲ.”

ಅರ್ಜಿಯನ್ನು ಅವಳೇ ದುಂಡಗಿನ ಅಕ್ಷರದಲ್ಲಿ ಬರೆದಳು.

ಚಂದ್ರಮೌಳಿಗೆ ಎಂಟನೇ ವಯಸ್ಸಿನಲ್ಲಿ ದೀಕ್ಷೆಯಾಗಿತ್ತು. ಕೊರಳಲ್ಲಿ ಶಿವದಾರ, ಅದರ ತುದಿಯ ಬೆಳ್ಳಿ ಕರಡಿಗೆಯೊಳಗೆ ಅವನ ಇಷ್ಟಲಿಂಗ. ಕರಡಿಗೆ ತೀರಿಹೋದ ಅಜ್ಜ ಶಿವಮೂರ್ತಪ್ಪನವರದು. ಲಿಂಗ ಮೈಬಿಡಬಾರದು, ಪೂಜೆಯಾಗದೆ ತುತ್ತೆತ್ತಬಾರದು ಎಂದು ಅಜ್ಜ ಹೇಳಿಕೊಟ್ಟಿದ್ದರು. ಶಾಲೆ ತಪ್ಪಿಸಿದ ಹುಡುಗ ಅದೊಂದನ್ನು ಒಂದು ದಿನವೂ ತಪ್ಪಿಸಿರಲಿಲ್ಲ.

ಮಂದಿರದ ಗೇಟಿನಲ್ಲಿ ನಿಂತಾಗ ದಾಕ್ಷಾಯಣಿಯ ಕಣ್ಣು ಆ ಬೆಳ್ಳಿಯ ಮೇಲೆ ಬಿತ್ತು. ಒಳಗೆ ಎಂಥೆಂಥ ಹುಡುಗರಿದ್ದಾರೋ. ಕದಿಯುತ್ತಾರೆ, ಕೊಡದಿದ್ದರೆ ಕುತ್ತಿಗೆ ಹಿಸುಕುತ್ತಾರೆ. ಅವಳು ಶಿವದಾರವನ್ನು ತಲೆಯ ಮೇಲಿಂದ ಎತ್ತಿ ತೆಗೆದು ಸೆರಗಿಗೆ ಗಂಟು ಹಾಕಿಕೊಂಡಳು.

“ಅವ್ವಾ, ಅದು ಬೇಕು ನಂಗೆ.”

“ಮನೇಲಿ ಭದ್ರವಾಗಿರುತ್ತೆ ಮಗ. ನೀನು ಬಂದ್ಮೇಲೆ ಹಾಕ್ಕೊಳ್ಳುವಂತೆ.”

“ಅಜ್ಜನ್ನ ಮಣ್ಣು ಮಾಡುವಾಗ್ಲೂ ಅವರ ಲಿಂಗ ತೆಗೀಲಿಲ್ಲ,” ಎಂದ ಹುಡುಗ. ಆಮೇಲೆ ಅಳಲಿಲ್ಲ, ತಿರುಗಿ ನೋಡಲೂ ಇಲ್ಲ.

ಮೂರನೇ ದಿನ ವೆಂಕಟಾಚಲ ಭದ್ರಾವತಿಗೆ ಬಂದರು. ಹುಡುಗ ಬರೀ ನೀರು ಕುಡಿದುಕೊಂಡಿದ್ದಾನೆ, ಹಟ ಎಂದುಕೊಂಡಿದ್ದ ಮಂದಿರದ ಅಡುಗೆಯ ತುಂಗಮ್ಮ ಕೊನೆಗೆ ಕೇಳಿದ್ದಕ್ಕೆ ಕಾರಣ ಹೇಳಿದ್ದಾನೆ, ಲಿಂಗ ಕೊಟ್ಟುಬಿಡಿ ಎಂದರು. ಅವಳು ಟ್ರಂಕಿನ ಬೀಗ ತೆಗೆದು ಕರಡಿಗೆಯನ್ನು ಕೈಗೆತ್ತಿಕೊಂಡಳು. ಆದರೂ ಬೆಳ್ಳಿಯ ಹೆದರಿಕೆ ಬಿಡಲಿಲ್ಲ. ತಿಂಗಳಿಗೊಮ್ಮೆ ಹೆತ್ತವರು ಹೋಗುವ ಭಾನುವಾರ ತಾನೇ ತರುತ್ತೇನೆ, ಅಲ್ಲೇ ಪೂಜೆ ಮಾಡಿಸಿ ವಾಪಸ್ ತರುತ್ತೇನೆ ಎಂದಳು. ವೆಂಕಟಾಚಲ ಕಾಫಿ ಮುಟ್ಟದೆ ಎದ್ದುಹೋದರು. ಆ ಸಂಜೆ ತುಂಗಮ್ಮ ತಾನೇ ಕೂತು ಹುಡುಗನ ಬಾಯಿಗೆ ತುತ್ತಿಟ್ಟಳಂತೆ. ಅವನು ಉಂಡ.

ಭಾನುವಾರ ಅವಳು ಹೋದಳು. ಮಗ ಹೊರಗೆ ಬರಲಿಲ್ಲ. ಮುಂದಿನ ತಿಂಗಳೂ ಇಲ್ಲ. ರವೆ ಉಂಡೆಯ ಡಬ್ಬಿ ಒಳಗೆ ಹೋಗಿ ಖಾಲಿಯಾಗಿ ಬರುತ್ತಿತ್ತು. ಬೇರೆ ಹುಡುಗರಿಗೆ ಹಂಚಿಬಿಡುತ್ತಾನೆ ಎಂದು ತುಂಗಮ್ಮ ಸುಳ್ಳಾಡದೆ ಹೇಳಿದಳು.

ದಾಕ್ಷಾಯಣಿಗೆ ಬುದ್ಧಿ ಬಂದದ್ದು ತೀರಾ ಸಣ್ಣ ಸಂಗತಿಯಿಂದ. ಪಕ್ಕದ ಮನೆಗೆ ಹಳ್ಳಿಯಿಂದ ಬಂದ ಮುದುಕರೊಬ್ಬರು ಜಗಲಿಯ ಮೇಲೆ ಪೂಜೆಗೆ ಕೂತು ಕೊರಳಿನಿಂದ ಬಿಳೀ ಬಟ್ಟೆಯ ಗಂಟು ಬಿಚ್ಚಿದರು. ಬೆಳ್ಳಿಯಿಲ್ಲ, ಏನಿಲ್ಲ, ಬಟ್ಟೆಯಲ್ಲೇ ಲಿಂಗ. ದಾಕ್ಷಾಯಣಿ ಕೈಯಲ್ಲಿದ್ದ ಮೊರವನ್ನು ಹಾಗೇ ಕೆಳಗಿಟ್ಟಳು. ಹುಟ್ಟಿದಾಗಿನಿಂದ ಕಂಡದ್ದೇ. ಮಾವ ಶಿವಮೂರ್ತಪ್ಪನವರನ್ನು ಮಣ್ಣು ಮಾಡಿದ ದಿನ ಬೆಳ್ಳಿ ತೆಗೆದಿಟ್ಟು ಲಿಂಗವನ್ನು ಅವರ ಅಂಗೈಯಲ್ಲಿರಿಸಿದ್ದನ್ನೂ ಅವಳೇ ಕಂಡಿದ್ದಳು. ಗೇಟಿನಲ್ಲಿ ಬೆಳ್ಳಿಯನ್ನು ಮಾತ್ರ ಇಟ್ಟುಕೊಂಡು, ಲಿಂಗವನ್ನು ಒಂದು ಚೂರು ಬಟ್ಟೆಯಲ್ಲಿ ಕಟ್ಟಿಕೊಡಬಹುದಿತ್ತು. ಸೆರಗು ಹರಿದಾದರೂ ಕಟ್ಟಿಕೊಡಬಹುದಿತ್ತು.

ಆ ಚಳಿಗಾಲ ಮಂದಿರದ ಹುಡುಗರಿಗೆ ರಾಗಿಗುಡ್ಡದಲ್ಲಿ ಹತ್ತು ದಿನದ ಶ್ರಮದಾನ ಶಿಬಿರ. ಕೊನೆಯ ದಿನ ಹೆತ್ತವರೂ ಬರಬೇಕೆಂದು ಕಾಗದ ಬಂತು. ಗಂಡ ಹೆಂಡತಿ ಇಬ್ಬರೂ ಹೋದರು. ಹುಡುಗರು ಸಾಲಾಗಿ ನಿಂತು ಕಲ್ಲು ಕೈಬದಲಾಯಿಸುತ್ತ ಗುಡ್ಡಕ್ಕೆ ದಾರಿ ಮಾಡುತ್ತಿದ್ದರು. ಚಂದ್ರಮೌಳಿ ಎತ್ತರವಾಗಿದ್ದ. ಅಪ್ಪ ಪಂಚೆ ಮೇಲೆ ಕಟ್ಟಿ ಮಗನ ಪಕ್ಕ ಸಾಲಿನಲ್ಲಿ ನಿಂತ. ಮಗ ಅವನ ಕೈಗೆ ಕಲ್ಲು ಕೊಟ್ಟ.

ಬಿಡುವಿನಲ್ಲಿ ಅವಳು ಬಟ್ಟೆಯ ಗಂಟು ಮುಂದೆ ಹಿಡಿದಳು.

“ತಪ್ಪಾಯ್ತು ಮಗ. ತಗೋ. ಬಟ್ಟೇಲಿ ಕಟ್ಟಿದೀನಿ, ಯಾರೂ ಕದಿಯಲ್ಲ.”

ಅವನು ಮಣ್ಣುಗೈಯನ್ನು ಚಡ್ಡಿಗೆ ಒರೆಸಿಕೊಂಡ. ತಗೊಳ್ಳುತ್ತಾನೆಂದೇ ಅವಳು ಅಂದುಕೊಂಡಳು.

“ಇದಿಲ್ದೇ ಉಂಡಾಯ್ತಲ್ಲವ್ವ, ಏಳು ತಿಂಗಳು,” ಎಂದ. ಸಿಟ್ಟಿನಿಂದಲ್ಲ, ಲೆಕ್ಕ ಒಪ್ಪಿಸಿದವನ ಹಾಗೆ. “ಬಿಸಿಲಿದೆ, ನೆರಳಲ್ಲಿ ಕೂತ್ಕೋ.” ನೀರು ತಂದುಕೊಟ್ಟು ಸಾಲಿಗೆ ಹೋದ.

ಎರಡು ವರ್ಷ ಮುಗಿಸಿ ಅವನು ಮನೆಗೇ ಬಂದ. ಕೆಟ್ಟುಹೋಗಿರಲಿಲ್ಲ. ಮಂದಿರದಲ್ಲಿ ಕಲಿತ ಬಡಗಿ ಕೆಲಸಕ್ಕೆ ಸೇರಿ ಸಂಬಳವನ್ನು ಅಪ್ಪನ ಕೈಗಿಡುತ್ತಾನೆ, ಅಪ್ಪನ ಜೊತೆ ಕೂತು ಉಣ್ಣುತ್ತಾನೆ. ಊರವರ ಕಣ್ಣಿಗೆ ದಾಕ್ಷಾಯಣಿ ಗೆದ್ದವಳೇ. ದಿನಾ ಬೆಳಿಗ್ಗೆ ಅವನು ಸ್ನಾನ ಮುಗಿಸುವಷ್ಟರಲ್ಲಿ ಅವಳು ಮಣೆಯ ಪಕ್ಕ ವಿಭೂತಿ, ಎರಡು ಬಿಲ್ವಪತ್ರೆ, ಒಗೆದ ಬಟ್ಟೆಯಲ್ಲಿ ಕಟ್ಟಿದ ಲಿಂಗದ ಗಂಟು ಇಡುತ್ತಾಳೆ. ಅವನು ಅದು ಒದ್ದೆಯಾಗದಂತೆ ನೀರಿನ ಲೋಟ ಆಚೆ ಸರಿಸಿ ಉಂಡು ಏಳುತ್ತಾನೆ.

ಬೆಳ್ಳಿ ಕರಡಿಗೆ ಟ್ರಂಕಿನಲ್ಲಿದೆ. ಆ ಟ್ರಂಕಿಗೆ ಅವಳು ಈಗ ಬೀಗ ಹಾಕುವುದಿಲ್ಲ.